ಎಂಟು ಗಂಟೆಯ ನೆರಳು

ನಮ್ಮ ಮನೆಯೊಡತಿಗೆ ನನ್ನ ಮೇಲಿರುವ ದೂರು ಒಂದೇ. ನಾನು ಗದ್ದಲ ಮಾಡುವವಳಲ್ಲ, ನನ್ನ ಕೋಣೆಗೆ ಬಂದು ಹೋಗುವವರು ಕಡಿಮೆ, ನಲ್ಲಿ ತೆರೆದಿಟ್ಟು ಮರೆಯುವ ಅಭ್ಯಾಸವಿಲ್ಲ. ಆದರೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೀಚುತ್ತೇನೆ. ಮಾಳಿಗೆಯ ಮೇಲೆ ಹಪ್ಪಳ ಒಣಹಾಕಲು ಬಂದವರು ಒಂದು ದಿನ ತೆರೆದ ಬಾಗಿಲಿನಿಂದ ಅದನ್ನು ನೋಡಿಬಿಟ್ಟರು.

"ಮೇಡಂ, ಇದೇನ್ರಿ ಇದು? ಗ್ವಾಡಿ ಮ್ಯಾಲ ಜಾತಕ ಬರ್ಯಾಕತ್ತೀರೇನು?"

"ಇಲ್ರೀ, ಬಿಸಿಲು ಎಲ್ಲಿ ಬೀಳ್ತದ ಅಂತ ಗುರುತು ಹಾಕೀನಿ."

"ಬಿಸಿಲಿಗೇನು ಗುರುತ್ರಿ ರಾಯಚೂರಾಗ! ಎಲ್ಲಿ ನಿಂತ್ರೂ ನೆತ್ತಿ ಮ್ಯಾಲ ಬೀಳ್ತದ."

ನಾನು ನಕ್ಕು ಸುಮ್ಮನಾದೆ. ಸುಮ್ಮನಾಗುವುದು ನನಗೆ ಮೊದಲಿನಿಂದಲೂ ಸುಲಭ. ವಿವರಿಸಲು ಹೋಗಿದ್ದರೆ ಹೀಗೆ ಹೇಳಬೇಕಾಗುತ್ತಿತ್ತು: ನನ್ನ ಕೋಣೆಗೆ ಪೂರ್ವಕ್ಕೊಂದು ಕಿಟಕಿ ಇದೆ. ಬೆಳಗಿನ ಬಿಸಿಲು ಅದರೊಳಗಿಂದ ಬಂದು ಎದುರಿನ ಗೋಡೆಯ ಮೇಲೆ ಒಂದು ಚೌಕವಾಗಿ ಕೂರುತ್ತದೆ. ಭಾನುವಾರ ಏಳೂವರೆಗೆ ಚಹಾ ಕುಡಿಯುತ್ತ ಆ ಚೌಕದ ಅಂಚಿಗೆ ಒಂದು ಸಣ್ಣ ಗೆರೆ ಎಳೆದು ತಾರೀಖು ಬರೆಯುತ್ತೇನೆ. ಮುಂದಿನ ಭಾನುವಾರ ಅದೇ ಏಳೂವರೆಗೆ ನೋಡಿದರೆ ಚೌಕ ಪಕ್ಕಕ್ಕೆ ಸರಿದಿರುತ್ತದೆ. ಮಾರ್ಚ್ ತಿಂಗಳಲ್ಲಿ ಗೆರೆಗಳು ದೂರದೂರ ಬೀಳುತ್ತವೆ, ಏನೋ ಅವಸರವಿದ್ದವರ ಹೆಜ್ಜೆಯ ಹಾಗೆ. ಜೂನ್ ಹೊತ್ತಿಗೆ ಒಂದರ ಮೇಲೊಂದು ಬೀಳತೊಡಗುತ್ತವೆ. ಆಮೇಲೆ ಬಂದ ದಾರಿಯಲ್ಲೇ ನಿಧಾನಕ್ಕೆ ವಾಪಸು ಹೊರಡುತ್ತವೆ. ಇದರಿಂದ ಯಾರಿಗೂ ಏನೂ ಉಪಯೋಗವಿಲ್ಲ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು ನಾನು, ಆದರೆ ಪಾಠಕ್ಕೂ ಇದನ್ನು ಬಳಸುವುದಿಲ್ಲ. ಹಲ್ಲುಜ್ಜುವುದಕ್ಕೆ ಕಾರಣ ಕೇಳಿದರೆ ಹೇಳಬಹುದು, ಇದಕ್ಕೆ ಕೇಳಿದರೆ ತಾಯಮ್ಮ ಅತ್ತೆಯ ಅಂಗಳದಿಂದ ಶುರುಮಾಡಬೇಕು. ಹಪ್ಪಳ ಒಣಗಿಸಲು ಬಂದವರಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ನಿಮಗೆ ಇದೆ ಎಂದುಕೊಂಡು ಹೇಳುತ್ತೇನೆ.

ಹೊರಗಿನಿಂದ ಬಂದವರು ರಾಯಚೂರಿನ ಬಿಸಿಲನ್ನು ಬಯ್ಯುತ್ತಾರೆ. ನಾವೂ ಬಯ್ಯುತ್ತೇವೆ, ಆದರೆ ಬಯ್ಯುತ್ತಲೇ ಅದನ್ನು ಓದುವುದನ್ನೂ ಕಲಿತಿರುತ್ತೇವೆ. ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ಬಸ್ಸಿಗೆ ಕಾಯುವ ಜಾಗವಿದೆ. ತಗಡಿಲ್ಲ, ಮರವಿಲ್ಲ, ಒಂದು ಕರೆಂಟಿನ ಕಂಬ ಮಾತ್ರ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಜನ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿರುತ್ತಾರೆ. ಎಂಥ ಶಿಸ್ತಿನ ಊರು ಎಂದು ಹೊಸಬರಿಗೆ ಅನಿಸಬೇಕು. ಅದು ಸರದಿಯಲ್ಲ, ಕಂಬದ ನೆರಳು. ಒಂದು ಗೇಣು ಅಗಲದ ನೆರಳಿನಲ್ಲಿ ಏಳೆಂಟು ಜನರ ತಲೆ. ಹೊತ್ತು ಏರಿದಂತೆ ನೆರಳು ತಿರುಗುತ್ತದೆ, ಯಾರೂ ಯಾರಿಗೂ ಹೇಳದೆ ಇಡೀ ಸಾಲು ಅದರ ಜೊತೆ ತಿರುಗುತ್ತದೆ. ಕೈಯಲ್ಲಿ ಮೊಬೈಲು, ಬಾಯಲ್ಲಿ ಮಗಳ ಮದುವೆಯ ಮಾತು, ಕಾಲು ಮಾತ್ರ ತನ್ನಷ್ಟಕ್ಕೆ ಅರ್ಧ ಹೆಜ್ಜೆ ಎಡಕ್ಕೆ.

ಬಸ್ಸಿನಲ್ಲೂ ಹಾಗೆಯೇ. ರಾಯಚೂರಿನಿಂದ ಮಾನ್ವಿಗೆ ಬೆಳಿಗ್ಗೆ ಹೊರಟರೆ ಬಲಗಡೆ ಕೂರಬೇಕು, ಸಂಜೆ ಹೊರಟರೆ ಎಡಗಡೆ. ಇದನ್ನು ನನಗೆ ಯಾರೂ ಹೇಳಿಕೊಟ್ಟ ನೆನಪಿಲ್ಲ. ಬಸ್ಸು ಹತ್ತುವ ಮೊದಲೇ ನಮ್ಮ ತಲೆಯಲ್ಲಿ ರಸ್ತೆ ಒಮ್ಮೆ ತಿರುಗುತ್ತದೆ, ಸೂರ್ಯ ಒಮ್ಮೆ ಏರುತ್ತಾನೆ, ಕಾಲು ಸರಿಯಾದ ಸೀಟಿನ ಕಡೆ ನಡೆಯುತ್ತದೆ. ಯೋಚನೆ ಎನ್ನುವುದು ನಮ್ಮೊಳಗಿಂದ ಹುಟ್ಟುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನನಗೆ ಒಮ್ಮೊಮ್ಮೆ, ಅದರಲ್ಲಿ ಅರ್ಧ ಪಾಲು ಹೊರಗಿನ ಬಿಸಿಲೇ ನಮ್ಮ ತಲೆಯೊಳಗೆ ಬಂದು ಮಾಡುವ ಕೆಲಸ ಅನಿಸುತ್ತದೆ.

ತಾಯಮ್ಮ ಅತ್ತೆ ನನ್ನ ಅಪ್ಪನ ಅಕ್ಕ. ಅಪ್ಪ ಓದಿ ದೇವದುರ್ಗದಲ್ಲಿ ಮೇಷ್ಟ್ರಾದರು. ಅತ್ತೆ ಓದಲಿಲ್ಲ. ಸಿರವಾರದಿಂದ ಮಾನ್ವಿಗೆ ಹೋಗುವ ರಸ್ತೆಯಿಂದ ಅರ್ಧ ಮೈಲು ಒಳಗಿರುವ ಹಳ್ಳಿಗೆ ಮದುವೆಯಾಗಿ ಹೋದಳು. ಅಲ್ಲಿ ಹನ್ನೆರಡು ಹೆಂಗಸರ ಗುಂಪು ಕಟ್ಟಿಕೊಂಡು ಭತ್ತದ ಸಸಿ ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ವರ್ಷಕ್ಕೆ ಎರಡು ಸಲ ಈ ಕೆಲಸ ಬಿರುಸಾಗುತ್ತದೆ: ಕಾಲುವೆಗೆ ನೀರು ಬಿಟ್ಟ ಮೇಲೆ ಮಳೆಗಾಲದಲ್ಲೊಮ್ಮೆ, ಎರಡನೇ ಬೆಳೆಗೆ ಸಂಕ್ರಾಂತಿಯ ಆಸುಪಾಸಿನಲ್ಲೊಮ್ಮೆ. ಆ ದಿನಗಳಲ್ಲಿ ಖಾಜಾ ಎನ್ನುವವನ ಟೆಂಪೊ ಎಂಟು ಗಂಟೆಗೆ ಕ್ರಾಸಿಗೆ ಬಂದು ನಿಲ್ಲುತ್ತಿತ್ತು. ಅವನಿಗೆ ಕಾಯುವ ಪುರುಸೊತ್ತು ಇಲ್ಲ, ಗದ್ದೆಯ ಯಜಮಾನರಿಗಂತೂ ಮೊದಲೇ ಇಲ್ಲ. ಹನ್ನೆರಡು ಮನೆಯ ಹೆಂಗಸರು ರೊಟ್ಟಿ ಬಡಿದು, ಮಕ್ಕಳಿಗೆ ತಲೆ ಬಾಚಿ, ಬುತ್ತಿ ಕಟ್ಟಿಕೊಂಡು ಎಂಟಕ್ಕೆ ಕ್ರಾಸಿನಲ್ಲಿರಬೇಕು. ಇರುವಂತೆ ನೋಡಿಕೊಳ್ಳುವುದು ಅತ್ತೆಯ ಕೆಲಸ. ಆ ಗುಂಪಿನಲ್ಲಿ ಅವಳ ಮಾತು ನಡೆಯುತ್ತಿದ್ದುದು ಅವಳು ಎಲ್ಲರಿಗಿಂತ ಚೆನ್ನಾಗಿ ಸಸಿ ಹಚ್ಚುತ್ತಾಳೆ ಎಂದಲ್ಲ. ಅವಳು ಹೇಳಿದ ಹೊತ್ತು ತಪ್ಪುವುದಿಲ್ಲ ಎಂದು.

ಮನೆಯಲ್ಲಿ ಗಡಿಯಾರ ಇತ್ತು. ಅದರ ಸೆಲ್ಲು ಮಾತ್ರ ಸದಾ ಬ್ಯಾಟರಿಯಲ್ಲಿರುತ್ತಿತ್ತು. ರಾತ್ರಿ ಕತ್ತಲಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋಗುವವರಿಗೆ ಬ್ಯಾಟರಿ ಬೇಕು, ಗಡಿಯಾರ ಯಾರಿಗೆ ಬೇಕು?

ಅತ್ತೆಯ ಗಡಿಯಾರ ಅಂಗಳದಲ್ಲಿತ್ತು. ಅಂಗಳದ ಪೂರ್ವಕ್ಕೆ ಎದೆಮಟ್ಟದ ಒಂದು ಗೋಡೆ, ನೆಲಕ್ಕೆ ಹಾಸಿದ ಪರಸಿಕಲ್ಲಿನ ಚಪ್ಪಡಿಗಳು. ಬೆಳಿಗ್ಗೆ ಗೋಡೆಯ ನೆರಳು ಅಂಗಳದ ತುಂಬ ಮಲಗಿರುತ್ತಿತ್ತು. ಹೊತ್ತು ಏರಿದಂತೆ ಗೋಡೆಯ ಕಡೆಗೆ ಹಿಂದೆ ಸರಿಯುತ್ತ ಹೋಗುತ್ತಿತ್ತು. ಪರಸಿಯ ಮೇಲೆ ಅತ್ತೆ ಒಂದು ಬಿಳಿ ಹರಳು ಇಟ್ಟಿರುತ್ತಿದ್ದಳು, ಲಿಂಬೆಹಣ್ಣಿನಷ್ಟು ದೊಡ್ಡದು. ನೆರಳಿನ ಅಂಚು ಸರಿದು ಸರಿದು ಹರಳನ್ನು ಮುಟ್ಟಿದರೆ, ಇನ್ನು ಮನೆ ಬಿಡುವ ಹೊತ್ತು ಎಂದರ್ಥ. ಅತ್ತೆ ಹೊರಗೆ ಬಂದು ಓಣಿಗೆ ಕೇಳುವಂತೆ ಒಂದು ಕೂಗು ಹಾಕುತ್ತಿದ್ದಳು. ಅಷ್ಟೇ.

ಅವಳು ಆ ಹರಳನ್ನು ಹುಣ್ಣಿಮೆಗೊಮ್ಮೆ ಅಮಾಸೆಗೊಮ್ಮೆ ಸರಿಸುತ್ತಿದ್ದಳು. ಖಾಜಾನ ಟೆಂಪೊ ಬಂದ ದಿನ ನೆರಳು ಎಲ್ಲಿತ್ತೋ ಅದನ್ನು ನೆನಪಿಟ್ಟುಕೊಂಡು, ಸ್ನಾನ ಮಾಡಿ ಬಂದು, ಒದ್ದೆ ಕೈಯಲ್ಲಿ ಹರಳನ್ನು ಎತ್ತಿ ನಾಲ್ಕು ಬೆರಳು ಆಚೆಗೋ ಈಚೆಗೋ ಇಡುತ್ತಿದ್ದಳು. ದೇವರ ಮುಂದೆ ಊದುಬತ್ತಿ ಹಚ್ಚಿದ ಹಾಗೆ ಅದೂ ಒಂದು ಕೆಲಸ. ಮೋಡದ ದಿನ ಏನು ಮಾಡುತ್ತೀ ಎಂದು ನಾನೊಮ್ಮೆ ಕೇಳಿದ್ದೆ.

"ಮಾಡ ಮುಸುಕಿದ್ರ ಹೊಟ್ಟಿ ಹೇಳ್ತದ ಬೇ. ಹೊಟ್ಟಿಗೆ ಎಲ್ಲಿ ಮಾಡ ಮುಸುಕ್ತದ?"

ಈಗ ನಮ್ಮ ಮನೆತನದ ಒಂದು ರೋಗದ ಬಗ್ಗೆ ಹೇಳಬೇಕು. ದೇವದುರ್ಗದಲ್ಲಿ ನಾವಿದ್ದ ಮನೆಯ ನೆಲ ಕರಿಮಣ್ಣಿನದು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು ಮಳೆಗಾಲದಲ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಅದರ ಜೊತೆ ಗೋಡೆ, ಹೊಸ್ತಿಲು, ಬಾಗಿಲು ಎಲ್ಲ ಸ್ವಲ್ಪ ಸ್ವಲ್ಪ ಅಲುಗುತ್ತವೆ. ಒಂದು ಶ್ರಾವಣದಲ್ಲಿ ನಮ್ಮ ಮುಂಬಾಗಿಲು ಹಾಕಲು ಬರದಾಯಿತು. ಅಪ್ಪ ಸ್ಕೇಲು, ಪೆನ್ಸಿಲು ಹಿಡಿದು ಅಳತೆ ಮಾಡಿ, ಬಡಿಗೇರನನ್ನು ಕರೆಸಿ, ಬಾಗಿಲನ್ನು ಹೆರೆಸಿದರು. ಒಂದು ಬೆರಳಿನಿಂದ ತಳ್ಳಿದರೂ ಮುಚ್ಚುತ್ತದೆ ಎಂದು ಬಂದವರಿಗೆಲ್ಲ ತೋರಿಸಿದರು. ಶಿವರಾತ್ರಿಯ ಹೊತ್ತಿಗೆ ಅದೇ ಬಾಗಿಲಿನ ಸಂದಿಯಿಂದ ಬೆಕ್ಕು ಬಂದು ಹೋಗುವಂತಾಯಿತು. ಅವ್ವ ಹಾಲಿನ ಪಾತ್ರೆಯನ್ನು ಗೋಡೆಯ ಗೂಡಿನಲ್ಲಿ ಎತ್ತಿಡುತ್ತ, "ಮಾಸ್ತರ್ರು ಬೆಕ್ಕಿಗೆ ಬ್ಯಾರೆ ಬಾಗ್ಲ ಮಾಡಿಸ್ಯಾರ" ಎಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಒಂದು ದಿನದ ಅಳತೆಯನ್ನು ಎಲ್ಲ ದಿನದ ಅಳತೆ ಎಂದು ನಂಬುವ ಈ ರೋಗ ನನಗೆ ಅಪ್ಪನಿಂದ ಬಂದದ್ದು. ನನಗೆ ಹನ್ನೊಂದು ವರ್ಷವಾಗಿದ್ದಾಗ, ಬೇಸಿಗೆ ರಜೆಗೆ ಅತ್ತೆಯ ಮನೆಗೆ ಹೋದವಳಿಗೆ ಆ ಹರಳು ಕಣ್ಣಿಗೆ ಚುಚ್ಚತೊಡಗಿತು. ಕೋಳಿ ಕೆದರಿದರೆ ಏನು ಗತಿ? ಕಸ ಹೊಡೆಯುವಾಗ ಸರಿದರೆ? ಇಂಥ ಮುಖ್ಯ ವಿಷಯವನ್ನು ಒಂದು ಕಲ್ಲಿನ ಮೇಲೆ ಬಿಡುವುದೇ? ಎತ್ತಿನ ಕೋಡಿಗೆ ಹಚ್ಚಲು ತಂದ ಕೆಂಪು ಬಣ್ಣ ಅಟ್ಟದ ಮೇಲಿತ್ತು. ಅತ್ತೆ ಸಂತೆಗೆ ಹೋದ ಹೊತ್ತಿನಲ್ಲಿ, ಹರಳಿದ್ದ ಜಾಗದಲ್ಲಿ ಅಂಗಳದ ಈ ಬದಿಯಿಂದ ಆ ಬದಿಯವರೆಗೆ ದಾರ ಕಟ್ಟಿ, ಎರಡು ಬೆರಳಗಲದ ನೇರವಾದ ಗೆರೆ ಬಳಿದೆ. ಎರಡು ಸಲ ಬಳಿದೆ, ಹೋಗಬಾರದು ಎಂದು.

ಸಂತೆಯಿಂದ ಬಂದ ಅತ್ತೆ ಚೀಲ ಇಳಿಸಿ ಗೆರೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದಳು.

"ಭಾಳ ಚಂದ ಆಗ್ಯಾದ," ಎಂದಳು. "ಇದನ್ನ ಸೂರ್ಯಾಗೂ ಹೇಳಿ ಬಂದೀಯಿಲ್ಲೋ?"

ನನಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು. ಅತ್ತೆ ಗೆರೆಯನ್ನು ಅಳಿಸಲಿಲ್ಲ, ಬಯ್ಯಲಿಲ್ಲ. ಹರಳನ್ನು ಗೆರೆಯ ಮೇಲೆಯೇ ಇಟ್ಟಳು. ರಜೆ ಮುಗಿಯುವವರೆಗೂ ನೆರಳು ನನ್ನ ಗೆರೆಗೆ ಸರಿಯಾಗಿಯೇ ಬರುತ್ತಿತ್ತು, ಬಂದಾಗಲೆಲ್ಲ ಅದು ನನ್ನ ಮಾತು ಕೇಳುತ್ತಿದೆ ಎಂದು ನನಗೆ ಹೆಮ್ಮೆ.

ಎಷ್ಟೋ ವರ್ಷಗಳ ನಂತರ ವಿಶ್ವವಿದ್ಯಾಲಯದಲ್ಲಿ ನಮ್ಮ ಮೇಷ್ಟ್ರು ಹಲಗೆಯ ಮೇಲೆ ಸೂರ್ಯನನ್ನು ಬರೆದು, ಅದರ ಸುತ್ತಲೂ ಓರೆಯಾದ ನಾಲ್ಕು ಭೂಮಿಗಳನ್ನು ಬರೆದು, ಯಾವ ತಿಂಗಳಲ್ಲಿ ನೆರಳು ಎಷ್ಟು ಉದ್ದ ಎಂದು ವಿವರಿಸತೊಡಗಿದಾಗ, ಇಡೀ ತರಗತಿಯಲ್ಲಿ ನಾನೊಬ್ಬಳೇ ಕಿವಿಯವರೆಗೆ ಕೆಂಪಾಗಿ ತಲೆ ತಗ್ಗಿಸಿದ್ದೆ. ಪಕ್ಕದವಳು ಹುಷಾರಿಲ್ಲವೇ ಎಂದು ಕೇಳಿದಳು. ಇಲ್ಲ, ತಡವಾಗಿ ಅರ್ಥವಾಯಿತು ಎಂದೆ. ಅವಳು ನೋಟ್ಸು ಕೊಡುತ್ತೇನೆ ಎಂದಳು.

ಗೆರೆ ಬಳಿದ ಆ ಬೇಸಿಗೆಯ ನಂತರದ ಸಂಕ್ರಾಂತಿಗೆ ಮತ್ತೆ ಅತ್ತೆಯ ಊರಿಗೆ ಹೋದೆ. ಎರಡನೇ ಬೆಳೆಯ ಸಸಿ ಹಚ್ಚುವ ಭರಾಟೆ. ಮಾನ್ವಿಯ ಕಡೆಯ ಒಬ್ಬ ಅಕ್ಕಿ ಗಿರಣಿ ಯಜಮಾನರು ತಮ್ಮ ಇಡೀ ಗದ್ದೆಯನ್ನು ಅತ್ತೆಯ ಗುಂಪಿಗೇ ವಹಿಸಿದ್ದರು, ವಾರದ ಕೆಲಸ. ನಾನು ಹೋದ ಸಂಜೆಯೇ ದೇವದುರ್ಗದಿಂದ ಸುದ್ದಿ ಬಂತು, ಅಲ್ಲಿಗೆ ಕೊಟ್ಟಿದ್ದ ಅತ್ತೆಯ ಮಗಳ ಕೂಸಿಗೆ ಮರುದಿನ ತೊಟ್ಟಿಲು. ಅತ್ತೆ ಕೊನೆಯ ಬಸ್ಸು ಹಿಡಿಯಲು ಸೀರೆ ಉಟ್ಟು ನಿಂತಳು. ಮಾವನಿಗೆ ಗಿರಣಿಯಲ್ಲಿ ಬೆಳಗಿನ ಪಾಳಿ, ಆರು ಗಂಟೆಗೇ ಹೋಗುವವನು. ಉಳಿದವಳು ನಾನು.

"ನಾಳಿ ನೆಳ್ಳು ಹರಳಿಗೆ ಮುಟ್ಟಿದ ಕೂಡ್ಲೇ ಹೊರಗ ನಿಂತು ಒಂದು ಕೂಗು ಹಾಕಿಬಿಡು. ಆತು. ಮುಂದ ನರಸಮ್ಮ ಎಲ್ಲಾರನ್ನೂ ಕರಕೊಂಡು ಹೋಗ್ತಾಳ. ನಾ ಸಂಜೀಕ ಬರ್ತೀನಿ."

"ನರಸಮ್ಮನ್ನೇ ನೋಡು ಅಂದ್ರ ಆಗ್ತಿತ್ತಲ್ಲ ಅತ್ತಿ?"

"ಆಕಿ ನೋಡ್ತಾಳ. ಆಮ್ಯಾಲ ನೋಡಿದ್ದನ್ನ ವರ್ಷ ಪೂರಾ ಹೇಳ್ತಾಳ."

ನರಸಮ್ಮ ಆ ಗುಂಪಿನಲ್ಲಿ ಅತ್ತೆಯ ನಂತರದವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು.

ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ನೋಡಿದೆ. ಹರಳು ನನ್ನ ಕೆಂಪು ಗೆರೆಯ ಮೇಲಿರಲಿಲ್ಲ. ಮೂರೂವರೆ ಪರಸಿಯಷ್ಟು ದೂರದಲ್ಲಿ, ತುಳಸಿಕಟ್ಟೆಯ ಹತ್ತಿರ ಬಿದ್ದಿತ್ತು. ನಾನು ಹೇಳಿರಲಿಲ್ಲವೇ ಎಂದುಕೊಂಡೆ, ಕೋಳಿಯ ಕೆಲಸ! ಹರಳನ್ನು ಎತ್ತಿ, ಲಂಗದಿಂದ ಒರೆಸಿ, ಗೆರೆಯ ನಟ್ಟನಡುವೆ ತಂದಿಟ್ಟೆ. ಆ ದಿನದ ನನ್ನ ಅತ್ಯಂತ ಜವಾಬ್ದಾರಿಯ ಕೆಲಸ ಅದು. ಅದೇ ತಪ್ಪು. ಜನವರಿಯ ಸೂರ್ಯ ಬಹಳ ಹೊತ್ತು ಕೆಳಗೇ ಇರುತ್ತಾನೆ, ನೆರಳು ಉದ್ದ. ಮೇ ತಿಂಗಳ ಎಂಟು ಗಂಟೆಯ ಗೆರೆಯನ್ನು ಅದು ಮುಟ್ಟಬೇಕಾದರೆ ಒಂಬತ್ತಾಗಬೇಕು.

ನಾನು ಜಗಲಿಕಟ್ಟೆಯ ಮೇಲೆ ಕೂತು ಕಾದೆ. ನೆರಳು ಹರಳಿನ ಹಳೆಯ ಜಾಗವನ್ನು ದಾಟಿ ಬಂತು. ಓಣಿಯ ಹೆಂಗಸರು ಬುತ್ತಿ ಕಟ್ಟಿಕೊಂಡು, ಕೂಗು ಬರಲೆಂದು ಗೋಡೆಗೆ ಬೆನ್ನು ಹಚ್ಚಿ ಎಳೆಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದರು. ನರಸಮ್ಮ ಬಾಗಿಲಲ್ಲಿ ಇಣುಕಿದಳು.

"ಏನಬೇ, ಹೊತ್ತಾದಂಗ ಅನಸ್ತದ. ಇನ್ನಾ ಆಗಿಲ್ಲೇನು?"

"ಇಲ್ಲ. ನೋಡು ಬೇಕಾದ್ರ, ನೆಳ್ಳು ಹರಳಿಗೆ ಬಂದಿಲ್ಲ."

ಅವಳು ನೋಡಿದಳು. ಹರಳು ಅಲ್ಲಿ, ನೆರಳು ಇಲ್ಲಿ. ತಾಯಮ್ಮನ ಹರಳು ಎಂದರೆ ಅದಕ್ಕೆ ಎದುರು ಮಾತಿಲ್ಲ. ತಲೆ ಕೆರೆದುಕೊಂಡು ಹೋಗಿ ಮತ್ತೆ ಬಿಸಿಲಿಗೆ ಕೂತಳು. ನಾನು ಕೂಗು ಹಾಕಿ, ಅವರೆಲ್ಲ ಕ್ರಾಸಿಗೆ ಹೋಗಿ ನೋಡಿದರೆ ಅಲ್ಲಿ ಟೆಂಪೊದ ಚಕ್ರದ ಗುರುತು ಮಾತ್ರ ಇತ್ತು. ಖಾಜಾ ಕಾದು, ದೇವದುರ್ಗದ ತೊಟ್ಟಿಲ ಮನೆಗೆ ಫೋನು ಹಚ್ಚಿದ್ದನಂತೆ. "ಬಂದೇಬಿಟ್ರು ನೋಡು" ಎಂದು ಅತ್ತೆ ಧೈರ್ಯವಾಗಿ ಹೇಳಿದ್ದಳಂತೆ. ಇನ್ನಷ್ಟು ಕಾದು, ಕಾಲುವೆಯ ಆಚೆಯ ಹಳ್ಳಿಯ ಇನ್ನೊಂದು ಗುಂಪನ್ನು ಹತ್ತಿಸಿಕೊಂಡು ಹೋಗಿದ್ದ. ಯಜಮಾನರ ಗದ್ದೆಗೆ ಆ ಗುಂಪು ಇಳಿಯಿತು. ವಾರದ ಕೆಲಸವೂ ಅವರಿಗೇ ಆಯಿತು.

ಸಂಜೆ ಅತ್ತೆ ಬಂದಾಗ ಹನ್ನೊಂದು ಹೆಂಗಸರೂ ಅಂಗಳದಲ್ಲಿದ್ದರು. ಯಾರೂ ಕೂತಿರಲಿಲ್ಲ. ಅತ್ತೆಯ ಕೈಯಲ್ಲಿ ತೊಟ್ಟಿಲ ಮನೆಯ ಗುಗ್ಗರಿಯ ಗಂಟು ಇತ್ತು.

"ನಿನ್ನ ಹರಳು ನೋಡಿಕೊಂಡು ಕುಂತು ನಮ್ಮ ಹೊಟ್ಟಿ ಮ್ಯಾಲ ಕಲ್ಲು ಬಿತ್ತು ನೋಡು," ಎಂದಳು ನರಸಮ್ಮ. "ಊರಿಗೆ ಹೋಗೋ ಸಡಗರದಾಗ ಎಲ್ಲಿ ಇಟ್ಟಿ, ಏನು ಇಟ್ಟಿ, ಕಣ್ಣರ ಇತ್ತಿಲ್ಲೋ ನಿನಗ?"

ಅತ್ತೆ ಅಂಗಳದ ಕಡೆ ನೋಡಿದಳು. ಕೆಂಪು ಗೆರೆಯ ನಟ್ಟನಡುವೆ, ಲಂಗದಿಂದ ಒರೆಸಿದ ಹರಳು ಬೆಳ್ಳಗೆ ಕೂತಿತ್ತು. ತಾನು ಅದನ್ನು ಎಲ್ಲಿ ಇಟ್ಟಿದ್ದೆ ಎಂದು ಅವಳಿಗೆ ಗೊತ್ತು. ಆಮೇಲೆ ನನ್ನನ್ನು ನೋಡಿದಳು. ನಾನು ಜಗಲಿಯ ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಹನ್ನೊಂದು ಹೆಂಗಸರ ಎದುರು ನಾಲಿಗೆ ಹೊರಳಲಿಲ್ಲ.

"ತಪ್ಪಿ ಇಟ್ಟಿದ್ನೇನೋ," ಎಂದಳು ಅತ್ತೆ.

"ಏನೋ ಅಂದ್ರ? ಹೊತ್ತು ತಪ್ಪೂದಿಲ್ಲ ಅಂತ ನಿನ್ನ ಹಿಂದ ಬಂದೀವಿ ನಾವು. ಅದನ್ನೂ ತಪ್ಪಿದ್ರ ನಿನ್ನ ಹಿಂದ ಯಾಕ ಬರಬೇಕು? ಕಾಲುವಿ ಆಚಿ ಗುಂಪಿನಾಗ ನಮಗೂ ಜಾಗ ಅದ."

ಯಾರೂ ಅವಳನ್ನು ತಡೆಯಲಿಲ್ಲ. ಒಬ್ಬಿಬ್ಬರು ಹೌದೆನ್ನುವಂತೆ ಸೆರಗು ಸರಿಮಾಡಿಕೊಂಡರು.

"ಖಾಜಾಗ ಮಾತಾಡೀನಿ," ಎಂದಳು ಅತ್ತೆ. "ಸಿರವಾರದ ಕಡೆ ಒಂದು ಗದ್ದಿ ಅದ, ಸಣ್ಣದು. ನಾಳಿ ಎಂಟಕ್ಕ ಬರ್ತಾನ. ಬರೋರು ಬರ್ರಿ. ಹೋಗೋರು ಹೋಗ್ರಿ, ನಾ ಏನೂ ಅನ್ನೂದಿಲ್ಲ."

ಗುಗ್ಗರಿಯನ್ನು ಎಲ್ಲರ ಕೈಗೂ ಒಂದೊಂದು ಹಿಡಿ ಹಾಕಿದಳು. ಜಗಳವಾಡಿದವರೂ ಸೆರಗು ಒಡ್ಡಿ ಇಸಿದುಕೊಂಡರು. ನನಗೂ ಒಂದು ಹಿಡಿ ಕೊಟ್ಟಳು. ತಿನ್ನಲು ಆಗಲಿಲ್ಲ.

ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು. ಈಗಲೂ ನಾನು ಮಾತು ಕಡಿಮೆಯವಳು, ಅದು ಗುಣವೆಂದು ಕೆಲವರು ಹೇಳುತ್ತಾರೆ. ಹಾಗೆ ಹೇಳಿದಾಗಲೆಲ್ಲ ನನಗೆ ಆ ಕಂಬ ನೆನಪಾಗುತ್ತದೆ.

ಅವಳ ಹರಳನ್ನು ಕುರಿತು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನಾನು ಗೆರೆ ಎಳೆದದ್ದು ಒಮ್ಮೆ ತಿಳಿದರೆ ಮುಗಿಯಿತು ಎಂದು. ಅವಳು ಹರಳು ಇಡುತ್ತಿದ್ದುದು ಹದಿನೈದು ದಿನಕ್ಕೆ ಮತ್ತೆ ನೋಡಬೇಕು ಎಂದು. ಹಿಂದಿನ ಅಮಾಸೆಗೆ ತಾನು ಇಟ್ಟದ್ದು ಈ ಹುಣ್ಣಿಮೆಗೆ ಸರಿಯಿಲ್ಲ ಎಂದು ಕಂಡರೆ ಅವಳಿಗೆ ಬೇಸರವಿರಲಿಲ್ಲ, ನಾಚಿಕೆಯಿರಲಿಲ್ಲ. ಎತ್ತಿ ಇಡುತ್ತಿದ್ದಳು, ಅಷ್ಟೇ. ಹೊರಗೆ ಆಕಾಶ ಸರಿದಷ್ಟು ಅವಳ ತಲೆಯೊಳಗೂ ಏನೋ ಸರಿಯುತ್ತಿತ್ತು. ಈಗ ಆ ಅಂಗಳಕ್ಕೆ ತಗಡು ಹೊದಿಸಿದ್ದಾರೆ, ಅತ್ತೆಯ ಫೋನಿನಲ್ಲಿ ಅಲಾರಾಂ ಕೂಗುತ್ತದೆ. ಅದಕ್ಕಿಂತ ಮೊದಲೇ ಎದ್ದು ಅದು ಕೂಗುವುದನ್ನು ಕಾಯುತ್ತ ಕೂರುತ್ತಾಳಂತೆ, ತಡಮಾಡಿದರೆ ಬಯ್ಯಲು.

ಆ ಜಗಳದ ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹರಳು ತುಳಸಿಕಟ್ಟೆಯ ಹತ್ತಿರ ತನ್ನ ಜಾಗಕ್ಕೆ ಹೋಗಿತ್ತು. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ನೆರಳಿನ ಅಂಚು ಹರಳಿಗೆ ಇನ್ನೂ ಒಂದು ಗೇಣಿರುವಾಗ, ಕೈಯ ಹಿಟ್ಟನ್ನು ಕೊಡವಿ ಹೇಳಿದಳು:

"ಹೋಗು, ಕೂಗಿ ಬಾ."

"ನಾನಾ?"

"ಮತ್ತ? ನಿನ್ನಿ ನೀನಽ ಅಲ್ಲೇನು ಕೂಗಿದಾಕಿ? ಇವತ್ತು ಅಂಗಳದಾಗ ನಿಂತು ಕೂಗಿದ್ರ ಯಾರೂ ಬರೂದಿಲ್ಲ. ಮನಿ ಮನಿಗೆ ಹೋಗು."

ಮೊದಲನೇ ಮನೆಯ ಬಾಗಿಲಲ್ಲಿ ನಿಂತೆ. ಆ ಮನೆಯ ಈರಮ್ಮ ಒಲೆಯ ಮುಂದೆ ಕೂತವಳು ತಿರುಗಿ ನೋಡಿದಳು. ನಾನು ಒಂದೇ ಉಸಿರಿಗೆ ಹೇಳಿದೆ: "ಹೊತ್ತಾತು ಬರಬೇಕಂತ, ನಿನ್ನಿ ಹರಳು ಸರಿಸಿದಾಕಿ ನಾನು, ಅತ್ತಿ ಸರಿಯಾಗೇ ಇಟ್ಟಿದ್ಲು."

ಈರಮ್ಮ ಊದುಗೊಳವೆ ಕೆಳಗಿಟ್ಟು, "ಏನಂದೀ? ನಿಂತು ಹೇಳು, ಕುದುರಿ ಮ್ಯಾಲ ಬಂದೀಯೇನು?" ಎಂದಳು. ನಿಂತು ಮತ್ತೆ ಹೇಳಿದೆ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ.

ಎರಡನೇ ಮನೆಯಲ್ಲಿ ಹೇಳಿದೆ, ಮೂರನೇ ಮನೆಯಲ್ಲಿ ಹೇಳಿದೆ. ನಾಲ್ಕನೆಯ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಗೋಡೆಯ ಮೇಲಿಂದ ನನಗಿಂತ ಮುಂದೆ ಹೋಗಿತ್ತು. ಬಾಗಿಲಿಗೆ ಬರುವ ಮೊದಲೇ ಒಳಗಿನಿಂದ, "ಗೊತ್ತಾತು ಗೊತ್ತಾತು, ಸೀರಿ ಉಟ್ಕೊಳ್ಳಾಕರ ಬಿಡು" ಎನ್ನುವ ದನಿ ಬಂತು. ಆರನೇ ಮನೆಯ ಮುದುಕಿ, "ಇನ್ನೊಮ್ಮೆ ಹೇಳ ಯವ್ವಾ, ನನಗ ಅರ್ಧ ಕೇಳಿಸ್ತು" ಎಂದು ಬೇಕೆಂದೇ ಎರಡು ಸಲ ಹೇಳಿಸಿದಳು. ಯಾರೋ ನಕ್ಕರು. ಯಾರೋ "ಮಾಸ್ತರ್ರ ಮಗಳು!" ಎಂದರು. ನನ್ನ ಹಿಂದೆ ಒಂದೊಂದೇ ಬಾಗಿಲಿನ ಚಿಲಕ ಹಾಕಿದ ಸದ್ದು ಕೇಳತೊಡಗಿತು.

ಕೊನೆಯದು ನರಸಮ್ಮನ ಮನೆ. ಅವಳು ಹೊಸ್ತಿಲ ಮೇಲೆ ಕೂದಲು ಬಿಚ್ಚಿಕೊಂಡು, ಬಾಚಣಿಗೆ ಹಿಡಿದು ಕೂತಿದ್ದಳು. ಬುತ್ತಿಯ ಗಂಟು ಪಕ್ಕದಲ್ಲಿತ್ತು. ಅದು ಯಾವ ಗುಂಪಿಗೆ ಹೋಗಲು ಕಟ್ಟಿದ ಬುತ್ತಿ ಎಂದು ನನಗೆ ತಿಳಿಯಲಿಲ್ಲ. ಅವಳಿಗೂ ಸುದ್ದಿ ಮುಟ್ಟಿರಬೇಕು, ಆದರೂ ನಾನು ಹೇಳುವವರೆಗೆ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಬಿಡಿಸುತ್ತ ಕೂತಳು. ಹೇಳಿದೆ.

"ಮತ್ತ ನಿಮ್ಮತ್ತಿ ಯಾಕ ತಾನಽ ತಪ್ಪಿ ಇಟ್ಟೆ ಅಂದ್ಲು?"

"ಗೊತ್ತಿಲ್ಲ."

"ನಿನಗ ಗೊತ್ತಿಲ್ಲ, ನನಗ ಗೊತ್ತದ," ಎಂದು ಎದ್ದಳು. ಬುತ್ತಿ ಎತ್ತಿಕೊಂಡಳು. ಕೂದಲು ಬಿಚ್ಚಿದ್ದು ಬಿಚ್ಚಿದ ಹಾಗೇ, ಬಾಚಣಿಗೆ ಕೈಯಲ್ಲೇ, ನನ್ನ ಮುಂದೆ ದಾಪುಗಾಲು ಹಾಕಿ ಹೊರಟಳು.

ಕ್ರಾಸಿಗೆ ನಾವು ಮುಟ್ಟಿದಾಗ ಉಳಿದವರೆಲ್ಲ ಬಂದಿದ್ದರು. ಟೆಂಪೊ ಇನ್ನೂ ಬಂದಿರಲಿಲ್ಲ. ಅತ್ತೆ ರಸ್ತೆಯ ಕಡೆ ನೋಡುತ್ತ ನಿಂತಿದ್ದಳು. ನರಸಮ್ಮ ಸೀದಾ ಅವಳ ಎದುರಿಗೆ ಹೋಗಿ ನಿಂತಳು.

"ನಿನ್ನಿ ಸುಳ್ಳು ಹೇಳಿದಿ ನೀ."

"ಸುಳ್ಳೇನದ ಅದರಾಗ? ಹುಡುಗಿ ಕೈಯಾಗ ಕೊಟ್ಟು ಹೋದಾಕಿ ನಾನಽ ಅಲ್ಲ?"

"ಇನ್ನಮ್ಯಾಲ ಕೊಡಬ್ಯಾಡ."

"ಇವತ್ತೂ ಆಕಿ ಕೈಯಾಗಽ ಕೊಟ್ಟಿದ್ದೆ," ಎಂದಳು ಅತ್ತೆ. "ನೀ ಬಂದಿಯಲ್ಲ."

ಹೆಂಗಸರೆಲ್ಲ ಬುತ್ತಿ ಹಿಡಿದು ನರಸಮ್ಮನ ಕಡೆ ತಿರುಗಿದರು. ಅವಳು ಬಾಚಣಿಗೆಯನ್ನು ಅತ್ತೆಯ ಕೈಗೆ ತುರುಕಿ, ಬೆನ್ನು ತಿರುಗಿಸಿ, ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು.

ಅತ್ತೆ ಅವಳ ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಸಿಕ್ಕು ಬಂದ ಕಡೆ ಬೇಕೆಂದೇ ಸ್ವಲ್ಪ ಜೋರಾಗಿ ಎಳೆದಳು. "ಆಯ್, ನಿನ್ನ!" ಎಂದು ನರಸಮ್ಮ ಕೂಗಿದಳು, ಕೂತಲ್ಲಿಂದ ಏಳಲಿಲ್ಲ. ಖಾಜಾನ ಟೆಂಪೊ ಬಂದು ನಿಂತಾಗ ಜಡೆ ಇನ್ನೂ ಅರ್ಧವಾಗಿತ್ತು. ಅವನು ಹಾರ್ನು ಬಾರಿಸಿದ.

"ತಡೀ ಖಾಜಾ," ಎಂದರು ಹತ್ತು ಹೆಂಗಸರು ಒಟ್ಟಿಗೆ. ಅವನು ತಡೆದ.